ಸೊಸೆ ಗೊಂಬೆಯ ಎರಡನೇ ಭಾಗ

ನಾನು ಕಲಿಸುವ ಗೊಂಬೆ ತರಬೇತಿ ಕೇಂದ್ರಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ನನ್ನನ್ನು ಮೊದಲು ಕೇಳುವುದು ಒಂದೇ ಮಾತು: ಗೊಂಬೆಗೆ ಕಣ್ಣು ಬರೆಯುವುದು ಎಷ್ಟು ದಿನಕ್ಕೆ ಬರುತ್ತದೆ? ಕಣ್ಣು ಬರೆಯಲು ಹದಿನೈದು ದಿನ ಸಾಕು, ಎರಡು ಕಣ್ಣೂ ಒಂದೇ ಕಡೆ ನೋಡುವ ಹಾಗೆ ಬರೆಯಲು ಎರಡು ವರ್ಷ ಬೇಕು ಎನ್ನುತ್ತೇನೆ. ತಮಾಷೆಗೆ ಹೇಳುತ್ತೇನೆಂದು ನಗುತ್ತಾರೆ. ಚನ್ನಪಟ್ಟಣದ ಗೊಂಬೆ ಒಂದು ಕಾಲಕ್ಕೆ ಸಿನಿಮಾದಲ್ಲಿ ದೆವ್ವ ಆಗಿತ್ತಂತೆ, ಅದಕ್ಕೆ ಕಾರಣ ಈ ಅಜ್ಜಿಯಂತೆ ಎಂದು ಅಲ್ಲಲ್ಲಿ ಕೇಳಿರುತ್ತಾರೆ. ಅಂತೆಕಂತೆ ಇನ್ನೂ ಬೆಳೆಯುವ ಮುಂಚೆ ನಡೆದದ್ದನ್ನು ನಾನೇ ಬರೆದಿಡುವುದು ಒಳ್ಳೆಯದು.

ನನ್ನ ಹೆಸರು ಚಿಕ್ಕತಾಯಮ್ಮ. ಊರು ಬೈರಾಪಟ್ಟಣ. ಎಸ್ಸೆಸ್ಸೆಲ್ಸಿ ಫೇಲು, ಅದೂ ಲೆಕ್ಕದಲ್ಲಿ, ಕನ್ನಡದಲ್ಲಲ್ಲ. ಮನೆಯಲ್ಲಿ ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ. ಮದುವೆಯಾಗಿ ಮೂರು ವರ್ಷಕ್ಕೆ ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಗೆ ಸೇರಿದವಳು ಮೂವತ್ತೊಂದು ವರ್ಷ ಅದೇ ಚಾಪೆಯ ಮೇಲೆ ಕೂತು ಎದ್ದೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಹೆಂಚಿನ ಸೂರು, ಮುಂದುಗಡೆ ಆರು ಲೇತ್‌ಗಳು, ಹಿಂದುಗಡೆ ಕಿಟಕಿಯ ಬೆಳಕಿಗೆ ಬಣ್ಣ ಬರೆಯುವ ನಾವು ಎಂಟು ಜನ ಹೆಂಗಸರು. ಗಂಡಸರು ಮೆದುವಾದ ಆಲೆ ಮರದ ತುಂಡನ್ನು ಲೇತ್‌ಗೆ ಕಚ್ಚಿಸಿ ಉಳಿ ಹಿಡಿದು ರೂಪಕ್ಕೆ ತರುತ್ತಿದ್ದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಮೇಲೆ ತಾಳೆ ಗರಿ ಒತ್ತಿದರೆ ಮುಖ ಕಾಣುವಷ್ಟು ಹೊಳಪು. ಅಲ್ಲಿಯವರೆಗೆ ಅದು ಬಣ್ಣದ ಮರ. ಕಣ್ಣು ಬರೆದ ಮೇಲೆ ಗೊಂಬೆ.

ನಮ್ಮ ಮೇಸ್ತ್ರಿ ಗಫಾರ್ ಸಾಬರು. ಅವರ ಅಪ್ಪ ಬಿಲ್ಲಿನ ಹಗ್ಗ ಎಳೆದು ಕೈಲೇತ್ ತಿರುಗಿಸಿದವರು. ಇವರ ಕಾಲಕ್ಕೆ ಮೋಟಾರು ಬಂದಿತ್ತು, ಆದರೂ ಮೋಟಾರನ್ನು ಅವರು ಪೂರ್ತಿ ನಂಬಿದವರಲ್ಲ. ಕರೆಂಟು ಹೋದಾಗ ಅವರ ಮುಖದಲ್ಲಿ ಸಣ್ಣ ಸಂತೋಷ ಕಾಣುತ್ತಿತ್ತು. ಅವರ ಬಾಯಿಂದ 'ಚೆನ್ನಾಗಿದೆ' ಎಂಬ ಮಾತು ಕೇಳಿದವರಿಲ್ಲ. ಚೆನ್ನಾಗಿದ್ದರೆ ಗೊಂಬೆಯನ್ನು ಸುಮ್ಮನೆ ಬುಟ್ಟಿಗೆ ಇಡುತ್ತಿದ್ದರು. ಕೆಟ್ಟಿದ್ದರೆ ಕಿಟಕಿಯ ಬೆಳಕಿಗೆ ಹಿಡಿದು, ಸತ್ತವರ ಫೋಟೋ ನೋಡುವ ಹಾಗೆ ಬಹಳ ಹೊತ್ತು ನೋಡುತ್ತಿದ್ದರು. ಬೈಗುಳಕ್ಕಿಂತ ಆ ನೋಟ ಕಷ್ಟ.

ನಾನು ಸೇರಿದ ಹೊಸದರಲ್ಲಿ ಕುಂಚದ ತುದಿ ಚೂಪಾಗಲೆಂದು ತುಟಿಗೆ ಹಚ್ಚಿ ನೆನೆಸಿಕೊಳ್ಳುತ್ತಿದ್ದೆ. ದಿನಕ್ಕೆ ಇನ್ನೂರು ಕಣ್ಣು, ಇನ್ನೂರು ಸಲ ತುಟಿಗೆ. ಸಂಜೆ ಊರಿಗೆ ಹೋದರೆ ನಮ್ಮತ್ತೆ ನನ್ನ ಕರೀ ನಾಲಿಗೆ ನೋಡಿ ಯಾರಿಗೂ ಹೇಳದೆ ಮಾರಮ್ಮನಿಗೆ ಹರಕೆ ಕಟ್ಟಿಬಿಟ್ಟಿದ್ದರು. ಆಮೇಲೆ ಹೊರದೇಶಕ್ಕೆ ಮಾಲು ಹೋಗತೊಡಗಿದಾಗ, ಮಕ್ಕಳು ಗೊಂಬೆಯನ್ನು ಬಾಯಿಗೆ ಹಾಕಿಕೊಳ್ಳುತ್ತವೆ, ಅರಿಸಿನ, ನೀಲಿ ಸೊಪ್ಪು ಇಂಥ ಬಣ್ಣವನ್ನೇ ಹಾಕಿ ಎಂದು ಕೊಳ್ಳುವವರು ಹೇಳಿದರು. ಮಕ್ಕಳ ಬಾಯಿಯ ಯೋಚನೆ ಎಲ್ಲರಿಗೂ ಬಂತು, ನಮ್ಮ ಬಾಯಿಯ ಯೋಚನೆ ಯಾರಿಗೂ ಬಂದಿರಲಿಲ್ಲ. ನೀವು ಕುಂಚವನ್ನು ಬಟ್ಟೆಗೆ ಒತ್ತಿ ಚೂಪು ಮಾಡಿ. ತುಟಿಗೆ ಬೇಡ.

ಈಗ ಸೊಸೆ ಗೊಂಬೆಯ ವಿಷಯ. ಗೇಣುದ್ದದ ಹೆಣ್ಣು ಗೊಂಬೆ. ಹಳದಿ ಲಂಗ, ಕೆಂಪು ರವಿಕೆ, ಕತ್ತಿನಲ್ಲಿ ಸಣ್ಣ ಸ್ಪ್ರಿಂಗು. ಬೆರಳು ತಾಕಿಸಿದರೆ ಸಾಕು, ಹೂಂ ಹೂಂ ಎಂದು ತಲೆ ಆಡಿಸುತ್ತದೆ. ಏನು ಹೇಳಿದರೂ ಹೂಂ ಎನ್ನುವ ಸೊಸೆ ಮನುಷ್ಯರಲ್ಲಿ ಸಿಗುವುದಿಲ್ಲ, ಮರದಲ್ಲೇ ಮಾಡಿಕೊಳ್ಳಬೇಕು ಎಂದು ಕಾರ್ಖಾನೆಯ ಯಜಮಾನರ ತಾಯಿ ಒಮ್ಮೆ ಹೇಳಿದ್ದರಿಂದ ಆ ಹೆಸರು ಬಂತು. ಯಜಮಾನರ ಹೆಂಡತಿ ಅಲ್ಲೇ ನಿಂತಿದ್ದರು. ನಮ್ಮ ಯಜಮಾನರು ನಂಜುಂಡಯ್ಯನವರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಸದಾ ಟೀ ಲೋಟ, ಯಾರ ಮೇಲೂ ಜೋರು ಮಾಡಿದವರಲ್ಲ. ಅವತ್ತೂ ಅವರು ಟೀ ಕುಡಿಯುತ್ತ ಗೋಡೆ ನೋಡಿದರು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಅಂಗಡಿಗಳಿಗೆಲ್ಲ ಚೀನಾದ ಪ್ಲಾಸ್ಟಿಕ್ ಗೊಂಬೆಗಳು ಬಂದು ಕೂತಿದ್ದವು. ನಮಗೆ ಗಟ್ಟಿಯಾಗಿ ಉಳಿದಿದ್ದು ಬೆಂಗಳೂರಿನ ಒಂದು ಶಿಶುವಿಹಾರದವರ ಆರ್ಡರು. ಪ್ರತಿ ವರ್ಷ ಮಕ್ಕಳಿಗೆ ಕೊಡಲು ಸೊಸೆ ಗೊಂಬೆಯನ್ನೇ ತರಿಸುತ್ತಿದ್ದರು. ಒಂದು ವರ್ಷ ಆ ಆರ್ಡರಿನ ಹೊತ್ತಿಗೆ ಸರಿಯಾಗಿ ನನಗೆ ಮದ್ರಾಸ್ ಐ ಬಂತು. ಎಡಗಣ್ಣು ಊದಿ ಮುಚ್ಚಿಕೊಂಡಿತ್ತು, ಬಲಗಣ್ಣು ನೀರು ಸುರಿಸುತ್ತಿತ್ತು. ರಜೆ ಹಾಕಬಹುದಿತ್ತು, ಹಾಕಲಿಲ್ಲ. ಗಫಾರ್ ಸಾಬರು ಅವತ್ತು ನೆಂಟರ ಮದುವೆಗೆಂದು ಮಾಗಡಿಗೆ ಹೋಗಿದ್ದರು. ನೋಡುವವರಿಲ್ಲ ಎಂಬ ಧೈರ್ಯದಲ್ಲಿ ಒಂದೂವರೆ ಡಜನ್ ಗೊಂಬೆಗೆ ಕಣ್ಣು ಬರೆದು ಮನೆಗೆ ಹೋದೆ.

ಎರಡು ದಿನ ಬಿಟ್ಟು ಕಾರ್ಖಾನೆಗೆ ಬಂದು ಕಣ್ಣು ತೆರೆದು ನೋಡಿದರೆ ಹದಿನೆಂಟೂ ಗೊಂಬೆಗಳು ನನ್ನನ್ನು ನೋಡುತ್ತಿವೆ, ಆದರೆ ಅರ್ಧರ್ಧ. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಕಣ್ಣು ನನ್ನ ಹಿಂದೆ ಯಾರೋ ನಿಂತಿದ್ದಾರೆ ಎನ್ನುವ ಹಾಗೆ ಸ್ವಲ್ಪ ಮೇಲಕ್ಕೆ. ನಾನೇ ಒಂದು ಸಲ ತಿರುಗಿ ನೋಡಿದೆ. ಅಳಿಸಿ ಬರೆಯಬೇಕಿತ್ತು. ಅಳಿಸುವುದೆಂದರೆ ಅರಗು ಕೆರೆದು ಮತ್ತೆ ಲೇತ್‌ಗೆ ಕೊಡಬೇಕು, ಸಾಬರಿಗೆ ಗೊತ್ತಾಗುತ್ತದೆ, ಬೆಳಕಿಗೆ ಹಿಡಿದು ನೋಡುತ್ತಾರೆ. ಹದಿನೆಂಟು ಸಲ. ನಾನು ಮೆಲ್ಲಗೆ ಅವನ್ನು ಸೆಕೆಂಡ್ಸ್ ಮೂಟೆಗೆ ಸೇರಿಸಿಬಿಟ್ಟೆ. ಬಿರುಕು ಬಿಟ್ಟದ್ದು, ಬಣ್ಣ ಹೋದದ್ದು ಎಲ್ಲ ಆ ಮೂಟೆಗೆ ಹೋಗಿ ಹೈವೇ ಬದಿಯ ತಳ್ಳುಗಾಡಿಯವರಿಗೆ ಸಿಗುತ್ತಿತ್ತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮಾರನೆಯ ವರ್ಷ ಒಂದು ದೆವ್ವದ ಸಿನಿಮಾ ಬಂತು. ಹೆಸರು ಬೇಡ. ಒಂದು ಗೊಂಬೆ, ಒಂದು ಮಗು, ಒಂದು ಹಳೇ ಬಂಗಲೆ; ಗೊಂಬೆ ತಲೆ ಆಡಿಸಿದಾಗಲೆಲ್ಲ ಮನೆಯಲ್ಲಿ ಒಬ್ಬರು ಸಾಯುತ್ತಾರೆ. ಪೋಸ್ಟರಿನಲ್ಲೇ ನಮ್ಮ ಗೊಂಬೆಯ ಲಂಗ ಕಂಡು ಕಾರ್ಖಾನೆಯಲ್ಲಿ ಸಂಭ್ರಮವೋ ಸಂಭ್ರಮ. ವಾರದ ರಜೆಯ ದಿನ ಯಜಮಾನರೇ ಎಲ್ಲರನ್ನೂ ಮ್ಯಾಟಿನಿಗೆ ಕರೆದುಕೊಂಡು ಹೋದರು. ಗಫಾರ್ ಸಾಬರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ನನ್ನ ಪಕ್ಕ ಸಾಕಮ್ಮ ಕೂತಿದ್ದಳು. ಕೋಡಿಹಳ್ಳಿ ಕಡೆಯವಳು, ಚಾಪೆಯ ಮೇಲೂ ಹದಿನಾಲ್ಕು ವರ್ಷ ನನ್ನ ಪಕ್ಕದಲ್ಲೇ ಕೂತವಳು.

ಪರದೆಯ ತುಂಬ ಗೊಂಬೆಯ ಮುಖ ಬಂತು. ಒಂದು ಕಣ್ಣು ನಮ್ಮ ಮೇಲೆ, ಇನ್ನೊಂದು ನಮ್ಮ ಹಿಂದೆ. ಟಾಕೀಸಿನ ಜನವೆಲ್ಲ ಕಿರುಚಿದರು. ನಾನು ಕಿರುಚಲಿಲ್ಲ. ನನ್ನ ಮಗುವನ್ನು ಪೊಲೀಸ್ ಸ್ಟೇಷನ್ನಿನಲ್ಲಿ ನೋಡಿದ ಹಾಗಾಯಿತು. ಸಾಕಮ್ಮ ನನ್ನ ಕೈ ಹಿಡಿದು, ನಮ್ಮ ಗೊಂಬೇನ ಕಂಪ್ಯೂಟರಲ್ಲಿ ಹೆಂಗೆ ಕೆಡಿಸವ್ರೆ ನೋಡಕ್ಕ ಎಂದಳು. ಹೌದು ಎಂದೆ. ಆ ಹೊತ್ತಿನಲ್ಲಿ ನನ್ನ ತಲೆಯೂ ಸ್ಪ್ರಿಂಗಿನ ಮೇಲಿದ್ದಂತಿತ್ತು.

ಸಿನಿಮಾ ನೂರು ದಿನ ಓಡಿತು. ಶಿಶುವಿಹಾರದಿಂದ ಮೂರು ರಟ್ಟಿನ ಪೆಟ್ಟಿಗೆ ವಾಪಸು ಬಂದವು. ಮಕ್ಕಳು ಗೊಂಬೆ ಕಂಡರೆ ಚೀರುತ್ತವೆ, ಆಯಾಗಳು ಗೊಂಬೆ ಇಟ್ಟ ಕೋಣೆಗೆ ಹೋಗುವುದಿಲ್ಲ, ದಯವಿಟ್ಟು ಇನ್ನು ಮುಂದೆ ಕಳಿಸಬೇಡಿ ಎಂದು ಕಾಗದ. ಅಂಗಡಿಗಳವರೂ ಸೊಸೆ ಗೊಂಬೆ ಬೇಡ ಎಂದರು. ಚನ್ನಪಟ್ಟಣದ ಸಂತೆಯಲ್ಲೇ ಹಟ ಮಾಡುವ ಮಕ್ಕಳಿಗೆ, ಸುಮ್ನಿರು, ಗೊಂಬೆ ತಲೆ ಆಡಿಸ್ತದೆ ಎನ್ನತೊಡಗಿದರು. ಆರು ಲೇತ್‌ಗಳಲ್ಲಿ ಮೂರು ನಿಂತವು. ಎಂಟು ಜನರಲ್ಲಿ ನಾಲ್ವರಿಗೆ ಕೆಲಸ ಉಳಿಯಲಿಲ್ಲ. ಆಗ ಹಾರೋಹಳ್ಳಿಯಲ್ಲಿ ಒಂದರ ಪಕ್ಕ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ. ಸಾಕಮ್ಮ ತವರಿನ ಕಡೆಗೇ ಮನೆ ಬದಲಾಯಿಸಿ ಅಲ್ಲಿನ ಬಟ್ಟೆ ಕಾರ್ಖಾನೆಗೆ ಸೇರಿದಳು. ಹೋಗುವ ದಿನ ಅವಳ ಕುಂಚಗಳನ್ನೆಲ್ಲ ತೊಳೆದು ನನ್ನ ಕೈಗೆ ಕೊಟ್ಟಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಕೆಲಸದಲ್ಲಿ ತಪ್ಪು ಎಲ್ಲರೂ ಮಾಡುತ್ತಾರೆ ಮಕ್ಕಳೇ. ನಾನು ಮಾಡಿದ್ದು ಎರಡು. ಒಂದು ಕಣ್ಣಿನದು, ಇನ್ನೊಂದು ಬಾಯಿಯದು.

ಇನ್ನೊಂದು ವರ್ಷ ಕಳೆಯಿತು. ಒಂದು ಬೆಳಗ್ಗೆ ಕಾರ್ಖಾನೆಯ ಮುಂದೆ ಬಿಳಿ ವ್ಯಾನು ನಿಂತು, ಕುರುಚಲು ಗಡ್ಡದ ಒಬ್ಬ ಹುಡುಗ ಇಳಿದ. ಹೆಸರು ಕಿರಣ. ಸಿನಿಮಾದ ಎರಡನೇ ಭಾಗ ತೆಗೆಯುತ್ತಿದ್ದಾರಂತೆ, ಇವನು ಅದರಲ್ಲಿ ಸಾಮಾನು ಸರಂಜಾಮು ನೋಡಿಕೊಳ್ಳುವವನು. ಮೊದಲ ಭಾಗದ ಗೊಂಬೆಯನ್ನು ಕೊನೆಯ ದೃಶ್ಯದಲ್ಲಿ ಬಾವಿಗೆ ಎಸೆದಿದ್ದರು. ಸಿನಿಮಾ ಓಡುತ್ತದೆಂದು ಯಾರಿಗೆ ಗೊತ್ತಿತ್ತು, ಯಾರೂ ಅದನ್ನು ಮೇಲೆತ್ತಲಿಲ್ಲ. ಈಗ ಅಂಥದೇ ಹನ್ನೆರಡು ಬೇಕು. ಬೀಳಿಸಲು, ಒಡೆಯಲು, ಸುಡಲು.

ಮೂರು ಲೇತ್ ನಿಂತಿದ್ದ ಮನೆಗೆ ಇದು ಸಣ್ಣ ಆರ್ಡರಲ್ಲ. ಯಜಮಾನರು ಒಪ್ಪಿದರು. ಗಫಾರ್ ಸಾಬರೇ ಗೊಂಬೆ ತಿರುಗಿಸಿ, ಕಣ್ಣನ್ನೂ ತಾವೇ ಬರೆದರು. ಕಿರಣ ಅದನ್ನೂ ತಾನು ತಂದ ಫೋಟೋವನ್ನೂ ಅಕ್ಕಪಕ್ಕ ಇಟ್ಟು ನೋಡಿ, ಇದು ಬಹಳ ಚೆನ್ನಾಗಿದೆ, ತೊಂದರೆ ಇರುವುದೇ ಅಲ್ಲಿ ಎಂದ. ಸಾಬರಿಗೆ ನಲವತ್ತು ವರ್ಷಗಳ ಕಸುಬಿನಲ್ಲಿ ಅಂಥ ದೂರು ಬಂದದ್ದು ಮೊದಲ ಸಲ. ಬೇಕೆಂದೇ ಕೆಟ್ಟದಾಗಿ ಇನ್ನೊಂದು ಬರೆದರು. ಅದಕ್ಕೆ ಬರೀ ಮೆಳ್ಳೆಗಣ್ಣು ಬಂತು, ಹೆದರಿಕೆ ಬರಲಿಲ್ಲ. ಕೊನೆಗೆ ಕಿರಣ ಫೋಟೋ ಎತ್ತಿ ಹಿಡಿದು, ಇದನ್ನು ಬರೆದ ಕೈ ಇದೇ ಕಾರ್ಖಾನೆಯದು ಎಂದು ತಳ್ಳುಗಾಡಿಯವರು ಹೇಳಿದ್ದಾರೆ, ಅವರನ್ನೇ ಕರೆಯಿರಿ ಎಂದ.

ಯಜಮಾನರು ನಮ್ಮ ಕಡೆ ತಿರುಗಿದರು. ಸಾಕಮ್ಮ ಕೂರುತ್ತಿದ್ದ ಜಾಗ ಖಾಲಿಯಿತ್ತು. ನಾನು ಎದ್ದು ನಿಂತೆ.

"ನಾನೇ ಯಜಮಾನ್ರೇ. ಕಣ್ಣು ಊದ್ಕಂಡಿತ್ತಲ್ಲ, ಆವಾಗ ಬರ್ದಿದ್ದು. ಅಳಿಸ್ಬೇಕಿತ್ತು, ಅಳಿಸ್ನಿಲ್ಲ. ಹೆದ್ರಿಕಂಡು ಮೂಟೆಗೆ ಹಾಕ್ಬುಟ್ಟೆ."

ಯಜಮಾನರು ಲೋಟ ಕೆಳಗಿಟ್ಟರು. ಮಾತಾಡಿದವರು ಗಫಾರ್ ಸಾಬರು.

"ನಂಗೆ ಟಾಕೀಸಲ್ಲೇ ಗೊತ್ತಾಯ್ತು. ರೆಪ್ಪೆ ಕೊನೇನ ಒಸಿ ಮೇಲಕ್ಕೆ ಎಳೀತೀಯ ನೀನು. ಬಿಡ್ಸೋಕೆ ಎಷ್ಟ್ ವರ್ಷ ನೋಡ್ದೆ, ಬಿಡ್ನಿಲ್ಲ."

"ಗೊತ್ತಿದ್ದೂ ಯಾಕೆ ಹೇಳ್ನಿಲ್ಲ ಸಾಬ್ರೆ?"

"ಮೂಟೆ ಕಟ್ಟೋಕೆ ಮುಂಚೆ ಒಂದೊಂದ್ನೂ ನೋಡ್ಬೇಕಾದೋನು ನಾನು. ಮದ್ವೆ ಊಟ ಮಾಡ್ಕಂಡು ಬಂದು ಒಂದ್ನೂ ನೋಡ್ದಂಗೆ ಕಟ್ಬುಟ್ಟೆ. ನಿನ್ ಹೆಸ್ರು ಹೇಳಿದ್ರೆ ನನ್ ಹೆಸ್ರೂ ಹೇಳ್ಬೇಕಿತ್ತು."

ಇಬ್ಬರೂ ತಲೆ ತಗ್ಗಿಸಿ ನಿಂತೆವು. ಯಜಮಾನರು ನಿಂತುಹೋಗಿದ್ದ ಲೇತ್‌ಗಳ ಕಡೆ ನೋಡಿ ನನ್ನನ್ನು ಕೇಳಿದರು: "ಆಗಿದ್ದು ಆಗೋಯ್ತು. ಈಗ ಅದೇ ತಪ್ಪನ್ನ ಇನ್ನೊಂದ್ಸಲ ಮಾಡ್ತೀಯೇನವ್ವ?"

ಮಾಡುತ್ತೇನೆ ಎಂದೆ. ಆದರೆ ತಪ್ಪು ಮಾಡುವುದು ಅಷ್ಟು ಸುಲಭವಲ್ಲ ಎಂದು ಗೊತ್ತಾದದ್ದು ಆವಾಗ. ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಬರೆದೆ. ಕೈಗೆ ಅಭ್ಯಾಸವಿತ್ತು, ಕಣ್ಣು ನೆಟ್ಟಗೇ ಬಂತು. ಎಡಗೈಯಲ್ಲಿ ಬರೆದೆ, ಗೊಂಬೆ ಕುಡಿದವರ ಹಾಗೆ ಕಂಡಿತು. ಪಕ್ಕದವರು ಈರುಳ್ಳಿ ಹೆಚ್ಚಿ ಮುಂದಿಟ್ಟರು. ಎಲ್ಲರ ಕಣ್ಣಲ್ಲೂ ನೀರು ಬಂತು, ಗೊಂಬೆ ಮಾತ್ರ ನಗುತ್ತಲೇ ಇತ್ತು. ಒಂದು ಗೊಂಬೆಯಂತೂ ಯಜಮಾನರ ಭಾವಮೈದುನನ ಹಾಗೇ ಬಂತು. ಅದನ್ನು ನೋಡಿ ಯಜಮಾನರು ಎರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ನಕ್ಕರು. ಕಿರಣ ನಗಲಿಲ್ಲ.

ಆ ಭಾನುವಾರ ನಾನು ಕನಕಪುರದ ಬಸ್ಸು ಹಿಡಿದು ಸಾಕಮ್ಮನ ಮನೆಗೆ ಹೋದೆ. ಯಜಮಾನರಿಗೆ ಹೇಳಿಯಾಗಿತ್ತು, ಅವಳಿಗೆ ಹೇಳದೆ ಇರಲಾಗುತ್ತಿರಲಿಲ್ಲ. ಅವಳು ಮುದ್ದೆ ತೊಳಸುತ್ತ ಪೂರ್ತಿ ಕೇಳಿದಳು. ಕೇಳಿ ನಕ್ಕಳು. ಅಲ್ಲಿ ಕುರ್ಚಿ ಮೇಲೆ ಕೂತು ಹೊಲಿಯುತ್ತೇನೆ, ತಲೆ ಮೇಲೆ ಫ್ಯಾನಿದೆ, ನಿನ್ನ ದೆವ್ವ ನನಗೆ ಫ್ಯಾನು ಕೊಡಿಸಿತು ಎಂದಳು. ಉಪ್ಪೆಸರು ಬಡಿಸಿ ಉಣ್ಣಲು ಹೇಳಿದಳು. ಎಲ್ಲ ಸರಿಯಾಯಿತು ಎಂದುಕೊಂಡೆ. ಹೊರಡುವಾಗ ಮಾತ್ರ ಬಸ್ ಸ್ಟಾಪಿನ ತನಕ ಬರಲಿಲ್ಲ. ಹೊಸ್ತಿಲ ಹತ್ತಿರ ನಿಂತು ಹೇಳಿದಳು: "ಆವತ್ತೇ ಹೇಳಿದ್ರೆ ಇಬ್ರೂ ಒಟ್ಗೆ ಬೈಸ್ಕಬೋದಿತ್ತು ಕಣಕ್ಕ." ಅಷ್ಟೇ. ಹಾದಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿತ್ತು.

ಶೂಟಿಂಗ್ ದಿನ ಬಂದೇ ಬಂತು, ನನ್ನ ಕೈಗೆ ಆ ಕಣ್ಣು ಬರಲೇ ಇಲ್ಲ. ಕಿರಣ ತಲೆ ಕೆಟ್ಟು, ಮುಖ ಬರೆಯದ ಹನ್ನೆರಡು ಗೊಂಬೆ ತೆಗೆದುಕೊಂಡು ಅಲ್ಲಿಗೇ ಬನ್ನಿ, ಡೈರೆಕ್ಟರೇ ನಿಂತು ಬರೆಸಿಕೊಳ್ಳಲಿ ಎಂದ. ನನ್ನನ್ನೂ ಸಾಬರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ರಾಮನಗರದ ಬಂಡೆಗಳ ತಪ್ಪಲಿಗೆ ಹೋದ. ಅಲ್ಲಿ ಸುಡುಬಿಸಿಲು. ಹಗಲಲ್ಲೇ ತೆಗೆದು ಆಮೇಲೆ ಬಣ್ಣ ಬದಲಿಸಿ ರಾತ್ರಿ ಮಾಡುತ್ತಾರಂತೆ. ಬಿಸಿಲಿಗೆ ಅರಗು ಮೆತ್ತಗಾಗಿ ಗೊಂಬೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಸಾಬರು ಅವನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಹಸುಗೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತರು.

ಡೈರೆಕ್ಟರು ಸಿಟ್ಟಿನ ಮನುಷ್ಯ. ಆದರೆ ಅವತ್ತು ಅವರಿಗಿದ್ದ ದೊಡ್ಡ ಚಿಂತೆ ಗೊಂಬೆಯದಲ್ಲ, ಮಗುವಿನದು. ಈ ಸಲ ನಟಿಸಲು ಬಂದ ಹೊಸ ಮಗುವಿನ ಹೆಸರು ಸಿರಿ, ಆರು ವರ್ಷ. ಮೊದಲ ಭಾಗವನ್ನು ಯಾರೋ ತೋರಿಸಿಬಿಟ್ಟಿದ್ದರು, ಈಗ ಗೊಂಬೆ ಎಂದರೆ ಸಾಕು ಅಮ್ಮನ ಸೆರಗು ಬಿಡುವುದಿಲ್ಲ. ಚಾಕಲೇಟು, ಬೆದರಿಕೆ ಎಲ್ಲ ಮುಗಿದಿತ್ತು. ನಾನು ಹೊಂಗೆ ಮರದ ಕೆಳಗೆ ಬಣ್ಣದ ಬಟ್ಟಲು ಹರಡಿಕೊಂಡು ಕೂತಿದ್ದೆ. ಆ ಮಗು ದೂರದಿಂದಲೇ ನೋಡಿ ಕೇಳಿತು, ಅದಕ್ಕೆ ಕಣ್ಣಿಲ್ಲವಾ ಎಂದು. ಇನ್ನೂ ಹುಟ್ಟಿಲ್ಲ ಕಂದ ಎಂದೆ. ಹಾಗಾದರೆ ಅದಕ್ಕೆ ನಾನು ಕಾಣುವುದಿಲ್ಲವಾ? ಕಾಣುವುದಿಲ್ಲ. ಸ್ವಲ್ಪ ಹತ್ತಿರ ಬಂತು. ಇನ್ನೂ ಸ್ವಲ್ಪ. ಕೊನೆಗೆ ನನ್ನ ಮಂಡಿಗೆ ಮಂಡಿ ತಾಗಿಸಿ ಕೂತಿತು.

"ನೀನೇ ಬರೀತೀಯಾ?" ಎಂದು ಕುಂಚ ಕೊಟ್ಟೆ.

ನಾಲಿಗೆ ಕಚ್ಚಿಕೊಂಡು ಬರೆಯಿತು. ಒಂದು ಕಣ್ಣು ನಮ್ಮ ಕಡೆ, ಇನ್ನೊಂದು ನಮ್ಮ ಹಿಂದೆ. ನಾನು ಎಷ್ಟೋ ದಿನ ತಿಣುಕಿದರೂ ಬಾರದೆ ಇದ್ದದ್ದು, ಒಂದು ನಿಮಿಷದಲ್ಲಿ ಬಂದಿತ್ತು. ಕಿರಣ ಓಡಿಹೋಗಿ ಡೈರೆಕ್ಟರನ್ನು ಕರೆತಂದ. ಅವರು ಗೊಂಬೆಯನ್ನು ಕೈಗೆ ತೆಗೆದುಕೊಂಡು, ಇದೇ, ಇದೇ ಎಂದರು. ಹನ್ನೊಂದು ಗೊಂಬೆಗೆ ಸಿರಿಯೇ ಕಣ್ಣು ಬರೆದಳು. ಹನ್ನೆರಡನೆಯದರ ಹೊತ್ತಿಗೆ ಕೈ ನೋವು ಎಂದು ಬಿಟ್ಟಳು. ಗಫಾರ್ ಸಾಬರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಏನೂ ಹೇಳದೆ ಗೋಣಿಯ ಮೇಲೆ ಇಟ್ಟರು. ನಮ್ಮ ಕಾರ್ಖಾನೆಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ.

ಆದರೆ ಒಂದು ಸಿಕ್ಕು ಬಿಡಿಸಿದರೆ ಇನ್ನೊಂದು ಬಿತ್ತು. ಕಣ್ಣು ಬರೆದ ಮೇಲೆ ಮಗುವಿಗೆ ಗೊಂಬೆಯ ಭಯವೇ ಹೋಯಿತು. ಕಿರುಚಬೇಕಾದ ಕಡೆ ಗೊಂಬೆಯ ಲಂಗ ಸರಿಮಾಡುತ್ತಾಳೆ. ಗೊಂಬೆ ತಾನಾಗಿ ತಲೆ ಆಡಿಸಿದರೆ ಇವಳೂ ಎದುರಿಗೆ ತಲೆ ಆಡಿಸುತ್ತಾಳೆ. ಡೈರೆಕ್ಟರು ಟೋಪಿ ತೆಗೆದು ನೆಲಕ್ಕೆ ಎಸೆದರು. ಹೇಗೋ ಒಂದೊಂದೇ ದೃಶ್ಯ ತೆಗೆದು ಕೊನೆಯದಕ್ಕೆ ಬಂದರು. ಸಿರಿ ತನ್ನ ಕೈಯಾರೆ ಗೊಂಬೆಯನ್ನು ಬೆಂಕಿಗೆ ಹಾಕಬೇಕು, ಅಲ್ಲಿಗೆ ದೆವ್ವ ಮುಗಿಯುತ್ತದೆ. ಸೌದೆ ಉರಿಯುತ್ತಿತ್ತು, ಸುತ್ತ ಹೊಗೆ ಬಿಟ್ಟಿದ್ದರು. ಸಿರಿ ಗೊಂಬೆಯನ್ನು ಎದೆಗವಚಿಕೊಂಡು, ಹಾಕುವುದಿಲ್ಲ ಎಂದಳು. ಇದಕ್ಕೆ ಕಾಣುತ್ತದೆ, ನಾನೇ ಕಣ್ಣು ಕೊಟ್ಟಿದ್ದೇನೆ ಎಂದಳು. ಒಬ್ಬರು ಅದನ್ನು ಕಿತ್ತುಕೊಳ್ಳಲು ಹೋದರು. ಮಗು ಬಿಕ್ಕಿ ಬಿಕ್ಕಿ ಅಳತೊಡಗಿತು.

ಬೆಳಗಿನಿಂದ ಬಾರದ ಅಳು ಈಗ ಬಂದಿತ್ತು. ಡೈರೆಕ್ಟರು ಕೈಸನ್ನೆ ಮಾಡಿದರು, ಕ್ಯಾಮೆರಾ ಓಡುತ್ತಲೇ ಇತ್ತು. ಅಲ್ಲಿದ್ದವರೆಲ್ಲ ಉಸಿರು ಹಿಡಿದು ನೋಡುತ್ತಿದ್ದರು. ಅವಳ ಅಮ್ಮ ಕೂಡ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ನಾನೂ ಒಂದು ಗಳಿಗೆ ನಿಂತೆ. ಸುಮ್ಮನಿರುವುದು ನನಗೆ ಅಭ್ಯಾಸವಾಗಿತ್ತಲ್ಲ. ಆಮೇಲೆ ಕಾಲು ತಾನಾಗಿ ನಡೆಯಿತು. ಹೊಗೆಯೊಳಗೆ ಹೋಗಿ, ಮಗುವಿನ ಮುಂದೆ ಕೂತು ಕೈ ಚಾಚಿದೆ. ಸಿರಿ ಗೊಂಬೆಯನ್ನು ನನಗೆ ಕೊಟ್ಟಳು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದ ದಾರಿಯಲ್ಲೇ ವಾಪಸು ನಡೆದೆ.

ಡೈರೆಕ್ಟರು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಅವರ ಬೈಗುಳ ಮುಗಿಯುವ ತನಕ ಕಾದು ಗಫಾರ್ ಸಾಬರು ಎದ್ದು, ಕಣ್ಣು ಬರೆಯದ ಹನ್ನೆರಡನೇ ಗೊಂಬೆಯನ್ನು ಅವರ ಮುಂದೆ ಹಿಡಿದರು. "ಇದ್ನ ಸುಡಿ ಸಾರ್. ಬೆನ್ನು ಕಡೆಯಿಂದ ತೆಗೀರಿ. ಇದಿನ್ನೂ ಮರ." ಹೊತ್ತು ಮುಳುಗುತ್ತಿತ್ತು, ಬೇರೆ ದಾರಿ ಇರಲಿಲ್ಲ. ಅದನ್ನೇ ಬೆನ್ನು ತೋರಿಸಿ ಸುಟ್ಟರು. ಅರಗು ಕರಗಿ ಕೆಂಪಗೆ ಹರಿಯಿತು, ತಪ್ಪಲಿನ ತುಂಬ ಅರಗಿನ ಸುಟ್ಟ ವಾಸನೆ. ಸೆರಗಿನಲ್ಲಿದ್ದ ಗೊಂಬೆಯನ್ನು ಸಿರಿ ತನ್ನ ಮನೆಗೆ ಒಯ್ದಳು.

ಕಾರ್ಖಾನೆಗೆ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಕಿರಣನಿಗೆ ಸಿರಿ ಕುಂಚ ಹಿಡಿದು ಕೂತದ್ದು ತಲೆಯಲ್ಲಿ ಉಳಿದಿತ್ತಂತೆ. ಅವನು ಯಜಮಾನರಿಗೆ, ಕಣ್ಣಿಲ್ಲದ ಗೊಂಬೆ ಮಾಡಿ ಕುಂಚದ ಜೊತೆ ಕೊಡಿ, ಮಕ್ಕಳೇ ಬರೆದುಕೊಳ್ಳಲಿ ಎಂದ. ಯಜಮಾನರು ಶಿಶುವಿಹಾರಕ್ಕೆ ಒಂದು ಪೆಟ್ಟಿಗೆ ಸುಮ್ಮನೆ ಕಳಿಸಿದರು. ಆರ್ಡರು ಮರಳಿತು, ನಿಂತ ಲೇತ್‌ಗಳಲ್ಲಿ ಎರಡು ಓಡತೊಡಗಿದವು. ಹೋದ ನಾಲ್ವರಲ್ಲಿ ಇಬ್ಬರು ವಾಪಸು ಬಂದರು. ಸಾಕಮ್ಮ ಬರಲಿಲ್ಲ. ಕಣ್ಣು ಬರೆಯುವ ಕೆಲಸವೇ ಇಲ್ಲದ ಗೊಂಬೆ ಎಂದು ಗಫಾರ್ ಸಾಬರು ನನ್ನನ್ನು ಛೇಡಿಸುತ್ತಿದ್ದರು.

ಸಿನಿಮಾದ ಎರಡನೇ ಭಾಗ ಬಿಡುಗಡೆಯಾದಾಗ ನಾನೂ ಸಾಬರೂ ಯಜಮಾನರೂ ಮತ್ತೆ ಮ್ಯಾಟಿನಿಗೆ ಹೋದೆವು. ಹತ್ತಿರದ ಹಳ್ಳಿಗಳ ಜನ ತುಂಬಿದ್ದರು. ಒಬ್ಬರಿಗೂ ಹೆದರಿಕೆಯಾಗುತ್ತಿರಲಿಲ್ಲ. ಮಗು ಅಷ್ಟು ಅಕ್ಕರೆಯಿಂದ ಗೊಂಬೆ ಆಡಿಸುತ್ತಿದ್ದರೆ ಯಾರು ಹೆದರುತ್ತಾರೆ? ಹಿಂದಿನ ಸಾಲಿನವರು ಕಡಲೆಕಾಯಿ ಸುಲಿಯುತ್ತಿದ್ದರು. ಕೊನೆಯ ದೃಶ್ಯ ಬಂತು. ನೀಲಿ ಕತ್ತಲು, ಉರಿಯುವ ಬೆಂಕಿ, ಅಳುವ ಮಗು. ಆಗ ಹೊಗೆಯೊಳಗಿಂದ ಒಂದು ಹೆಂಗಸು ಮೆಲ್ಲಗೆ ನಡೆದು ಬಂತು. ಗಾಳಿಗೆ ಬಿಚ್ಚಿಹೋದ ತಲೆಗೂದಲು; ಬೆವರು ಒರೆಸಿಕೊಂಡ ಕೈಯ ಕಪ್ಪು ಬಣ್ಣ ಎರಡು ಕಣ್ಣಿನ ಸುತ್ತಲೂ ಮೆತ್ತಿಕೊಂಡಿದೆ. ಮಾತಿಲ್ಲ ಕತೆಯಿಲ್ಲ, ಮಗುವಿನ ಮುಂದೆ ಕೂತು ಕೈ ಚಾಚಿ, ಗೊಂಬೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಗೆಯೊಳಗೆ ಮಾಯವಾಯಿತು. ಡೈರೆಕ್ಟರು ಆ ಚೂರನ್ನು ಕತ್ತರಿಸದೆ ಹಾಗೇ ಇಟ್ಟುಕೊಂಡಿದ್ದರು.

ಟಾಕೀಸಿಗೆ ಟಾಕೀಸೇ ಚೀರಿತು. ಕಡಲೆಕಾಯಿ ಚೆಲ್ಲಿತು. ಮುಂದಿನ ಸಾಲಿನ ಗಂಡಸೊಬ್ಬ ಕಾಲು ಮೇಲೆತ್ತಿ ಕುರ್ಚಿಯ ಮೇಲೆ ಕುಕ್ಕರಗಾಲಲ್ಲಿ ಕೂತ. ಗಫಾರ್ ಸಾಬರು ನನ್ನ ಕಡೆಗೆ ಬಾಗಿ, ಬಹಳ ಮೆತ್ತಗೆ, ಚೆನ್ನಾಗೈತೆ ಎಂದರು.

ಆಟ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿಗೆ ಬಂದೆ. ಸಿನಿಮಾ ನೋಡಿದವರಲ್ಲಿ ಅರ್ಧ ಜನ ಅದೇ ಬಸ್ಸಿಗೆ ಹತ್ತಿದ್ದರು, ಕಾಲಿಡಲು ಜಾಗವಿರಲಿಲ್ಲ. ನಾನು ಮೆಟ್ಟಿಲು ಹತ್ತಿ ಒಳಗೆ ನೋಡಿದೆ. ಮುಂದಿನ ಸೀಟಿನಲ್ಲಿದ್ದ ಮೂವರು ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಟ್ಟಿಗೆ ಎದ್ದು ಹಿಂದಕ್ಕೆ ಹೋದರು. ಬೈರಾಪಟ್ಟಣದ ತನಕ ಆ ಇಡೀ ಸೀಟಿನಲ್ಲಿ ನಾನೊಬ್ಬಳೇ ಕಾಲು ಚಾಚಿಕೊಂಡು ಹೋದೆ. ಕಂಡಕ್ಟರು ಟಿಕೆಟ್ಟಿಗೆ ಬಂದಾಗ, ಎಲ್ಲಿಗೆ ಎಂದು ಕೂಡ ಕೇಳಲಿಲ್ಲ.